ಮಗಳು ಹೋವರ್ಡ್‌ಗೆ ಅರ್ಜಿ ಹಾಕ್ತೀನಿ ಅಂತಿದ್ದಾಳೆ. ಅಲ್ಲಿ ಓದಿದವರು ಯಾರಾದ್ರೂ ಇದ್ದೀರಾ?

ಜರ್ಮನ್‌ಟೌನ್ ಅಮ್ಮ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು. ಮೇರಿಲ್ಯಾಂಡಿಗೆ ಬಂದು 11 ವರ್ಷ ಆಯಿತು. ಮಗಳು ಈಗ ಹನ್ನೆರಡನೇ ಕ್ಲಾಸು. ಹೋವರ್ಡ್ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಬೇಕು ಅಂತ ಹಟ ಹಿಡಿದಿದ್ದಾಳೆ. ಹಾರ್ವರ್ಡ್ ಅಲ್ಲ, ಹೋವರ್ಡ್. ವಾಷಿಂಗ್ಟನ್ ಡಿಸಿಯಲ್ಲೇ ಇದೆ. ಗುಲಾಮಗಿರಿ ಮುಗಿದ ಹೊಸತರಲ್ಲಿ, 1867ರಲ್ಲಿ, ಶುರುವಾದ ಖಾಸಗಿ ವಿಶ್ವವಿದ್ಯಾಲಯ. ಇಂಥ ಕಾಲೇಜುಗಳಿಗೆ ಇಲ್ಲಿ ಎಚ್‌ಬಿಸಿಯು ಅಂತಾರೆ. ಕಪ್ಪು ವಿದ್ಯಾರ್ಥಿಗಳನ್ನು ಬೇರೆ ಹೆಚ್ಚಿನ ಕಾಲೇಜುಗಳು ಸೇರಿಸಿಕೊಳ್ಳದ ಕಾಲದಲ್ಲಿ ಅವರಿಗಾಗಿ ಕಟ್ಟಿದ ಕಾಲೇಜುಗಳು.

ಇವಳಿಗೆ ಪತ್ರಿಕೋದ್ಯಮ ಓದಬೇಕಂತೆ. ಸ್ಕೂಲಿನ ಪತ್ರಿಕೆಗೆ ಬರೆಯುತ್ತಾಳೆ. ನಿಕೋಲ್ ಹ್ಯಾನಾ ಜೋನ್ಸ್ ಅನ್ನುವ ಹೆಸರಾಂತ ಪತ್ರಕರ್ತೆ 2021ರಿಂದ ಅಲ್ಲಿ ಪಾಠ ಮಾಡುತ್ತಿದ್ದಾರೆ ಅಂತ ತಿಳಿದ ದಿನದಿಂದ ಇದೇ ಮಾತು.

ನನ್ನ ಪ್ರಶ್ನೆಗಳು ಇವು. ನಮ್ಮಂಥವರ ಮಕ್ಕಳನ್ನು ಅಲ್ಲಿ ತೆಗೆದುಕೊಳ್ಳುತ್ತಾರಾ? ತೆಗೆದುಕೊಂಡರೂ ಅವಳು ಒಂಟಿ ಆಗುವುದಿಲ್ಲವಾ? ನಾವಿನ್ನೂ ಗ್ರೀನ್ ಕಾರ್ಡಿನ ಸಾಲಿನಲ್ಲಿದ್ದೇವೆ, ಅವಳದು ಎಚ್-4, ಅಂದರೆ ನಮ್ಮ ಕೆಲಸದ ವೀಸಾದ ಜೊತೆ ಬರುವ ಅವಲಂಬಿತರ ವೀಸಾ. ದುಡ್ಡು ಹೇಗೆ? ಇದಲ್ಲದೆ ಮನಸ್ಸಿನಲ್ಲಿ ಒಂದು ಅಳುಕೂ ಇದೆ. ಅದು ಯಾತಕ್ಕೆ ಅಂತ ನನಗೇ ಸರಿಯಾಗಿ ಹೇಳಲು ಬರುತ್ತಿಲ್ಲ. ದಯವಿಟ್ಟು ಬಿಡಿಸಿ ಹೇಳಿ.

ಭದ್ರಾ ದಡ · ಭಾನುವಾರ ರಾತ್ರಿ

ನಾನು ಹೋವರ್ಡಿನಲ್ಲಿ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡಿದವನು. ಐದು ವರ್ಷ ಅಲ್ಲೇ ಇದ್ದೆ. ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎಲ್ಲರನ್ನೂ ತೆಗೆದುಕೊಳ್ಳುತ್ತಾರೆ. ಇದು ಇತ್ತೀಚೆಗೆ ಕೊಟ್ಟ ರಿಯಾಯಿತಿ ಅಲ್ಲ. ಶುರುವಾದಾಗಿನಿಂದ ಬಣ್ಣ ನೋಡಿ ಬಾಗಿಲು ಹಾಕಿದ ಜಾಗ ಅಲ್ಲ ಅದು. ಅಲ್ಲಿನ ಮೊಟ್ಟಮೊದಲ ವಿದ್ಯಾರ್ಥಿಗಳಲ್ಲಿ ಸಂಸ್ಥೆ ಕಟ್ಟಿದವರ ಮನೆಯ ಬಿಳಿಯ ಹೆಣ್ಣುಮಕ್ಕಳೂ ಇದ್ದರು. ದೇಶದ ಎಲ್ಲಾ ಎಚ್‌ಬಿಸಿಯುಗಳನ್ನು ಸೇರಿಸಿ ಲೆಕ್ಕ ಹಾಕಿದರೆ 2022ರಲ್ಲಿ ಸುಮಾರು 24 ಶೇಕಡಾ ವಿದ್ಯಾರ್ಥಿಗಳು ಕಪ್ಪು ಸಮುದಾಯದ ಹೊರಗಿನವರು. 1976ರಲ್ಲಿ ಇದು 15 ಇತ್ತು. ಆದರೆ ಹೋವರ್ಡಿನ ಡಿಗ್ರಿ ತರಗತಿಗಳಲ್ಲಿ ನಿಮ್ಮ ಮಗಳಂಥವರು ತುಂಬಾ ಕಡಿಮೆ. ಪಿಎಚ್‌ಡಿ, ಫಾರ್ಮಸಿ ಕಡೆ ನಮ್ಮವರು ಸಿಗುತ್ತಾರೆ. ಡಿಗ್ರಿಯಲ್ಲಿ ಅವಳೊಬ್ಬಳೇ ಇರುವ ಕ್ಲಾಸುಗಳು ಬರುತ್ತವೆ. ಅದಕ್ಕೆ ಮನಸ್ಸು ಸಿದ್ಧ ಇರಬೇಕು.

ಇನ್ನೊಂದು ವಿಷಯ. 2025ರ ಫೆಬ್ರವರಿಯಲ್ಲಿ ಹೋವರ್ಡ್‌ಗೆ ಆರ್-1 ದರ್ಜೆ ಬಂತು. ಸಂಶೋಧನೆಯಲ್ಲಿ ಅದೇ ಮೇಲಿನ ದರ್ಜೆ. ಎಚ್‌ಬಿಸಿಯುಗಳ ಪೈಕಿ ಆಗ ಅದು ಇದ್ದದ್ದು ಇದೊಂದಕ್ಕೇ. ನಮ್ಮ ಲ್ಯಾಬಿನಲ್ಲಿ ಹಳೇ ಉಪಕರಣ ರಿಪೇರಿ ಮಾಡಿಕೊಂಡು ರಾತ್ರಿಯೆಲ್ಲಾ ಕೂರುತ್ತಿದ್ದವರನ್ನು ನೆನೆದು ಆ ಸುದ್ದಿ ಓದಿದ ದಿನ ನನಗೆ ಕಣ್ಣು ತುಂಬಿ ಬಂತು.

ಸ್ಪಷ್ಟ ಮಾತು · ಸೋಮವಾರ ಬೆಳಿಗ್ಗೆ

ಬೇಜಾರು ಮಾಡಿಕೊಳ್ಳಬೇಡಿ, ನನಗೆ ಅನಿಸಿದ್ದು ಹೇಳುತ್ತೇನೆ. ಮೇರಿಲ್ಯಾಂಡಿನಲ್ಲಿ ಇರುವವರಿಗೆ ಕಾಲೇಜ್ ಪಾರ್ಕ್, ಅಂದರೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯ, ಕೂಗಳತೆಯಲ್ಲಿದೆ. ಅಲ್ಲಿಯೂ ಪತ್ರಿಕೋದ್ಯಮ ಚೆನ್ನಾಗಿದೆ, ಖರ್ಚೂ ಕಡಿಮೆ. ಇಷ್ಟು ವರ್ಷ ಕಷ್ಟಪಟ್ಟು ಇಲ್ಲಿಗೆ ಬಂದು ಅಷ್ಟು ದುಡ್ಡು ಸುರಿದು ಅಲ್ಲಿಗೇ ಯಾಕೆ ಹೋಗಬೇಕು? ಹೋವರ್ಡ್ ಪಕ್ಕದ ಜಾರ್ಜಿಯಾ ಅವೆನ್ಯೂ ರಸ್ತೆ ಕಡೆ ರಾತ್ರಿ ಓಡಾಡುವುದು ಕಷ್ಟ ಅಂತ ಕೇಳಿದ್ದೇನೆ. ಮುಂದೆ ಕೆಲಸಕ್ಕೆ ಹೋದಾಗ ಆ ಹೆಸರಿಗೆ ಬೆಲೆ ಇರುತ್ತದಾ? ನನಗೂ ಇಬ್ಬರು ಮಕ್ಕಳಿದ್ದಾರೆ. ನನ್ನ ಮಗಳಾಗಿದ್ದರೂ ಇದನ್ನೇ ಕೇಳುತ್ತಿದ್ದೆ.

ಹಿಲ್‌ಟಾಪ್ ಕನ್ನಡತಿ · ಸೋಮವಾರ ಮಧ್ಯಾಹ್ನ

ನಾನು ಈಗ ಅಲ್ಲೇ ಓದುತ್ತಿದ್ದೇನೆ. ಬೆಂಗಳೂರಿನಿಂದ ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಬಂದವಳು, ಕಂಪ್ಯೂಟರ್ ಸೈನ್ಸ್, ಮೂರನೇ ವರ್ಷ. ಸುರಕ್ಷತೆ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಅದು ದೊಡ್ಡ ನಗರದ ನಡುವೆ ಇರುವ ಕ್ಯಾಂಪಸ್. ಮೆಟ್ರೋ ಹಸಿರು ಮಾರ್ಗದಲ್ಲಿ ಷಾ–ಹೋವರ್ಡ್ ಯು ಸ್ಟೇಷನ್ ಇದೆ, ಅಲ್ಲಿಂದ ನಡೆದೇ ಬರುತ್ತೇವೆ. ರಾತ್ರಿ ಒಬ್ಬಳೇ ಹೋಗಲ್ಲ, ಶಟಲ್ ಹಿಡಿಯುತ್ತೇನೆ ಇಲ್ಲ ಗೆಳತಿಯರ ಜೊತೆ ಬರುತ್ತೇನೆ. ಮೆಜೆಸ್ಟಿಕ್ಕಿನಲ್ಲಿ ಇಳಿದಾಗ ಎಷ್ಟು ಎಚ್ಚರ ಇರುತ್ತಿತ್ತೋ ಅಷ್ಟೇ.

ಒಂಟಿತನದ ಬಗ್ಗೆ ಅಮ್ಮ ಕೇಳಿದ್ದಕ್ಕೆ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ. ಮೊದಲ ಎರಡು ತಿಂಗಳು ನಿಜಕ್ಕೂ ಕಷ್ಟ ಆಯಿತು. ಅವರ ಮಾತಿನ ವೇಗ, ಹಾಡು, ಚರ್ಚಿನ ನೆನಪುಗಳು, ಅಜ್ಜಿಯ ಅಡುಗೆ, ಇದರಲ್ಲಿ ಯಾವುದೂ ನನ್ನದಲ್ಲ. ಊಟದ ಹಾಲಿನಲ್ಲಿ ಸಸ್ಯಾಹಾರ ಸಿಕ್ಕರೂ ಅದೇ ಸಲಾಡ್, ಅದೇ ಅನ್ನ. ಅತ್ತಿದ್ದೇನೆ. ಆಮೇಲೆ ನಿಧಾನಕ್ಕೆ ಬದಲಾಯಿತು. ಕ್ಯಾಂಪಸ್ಸಿನ ನಡುವೆ ದೊಡ್ಡ ಹುಲ್ಲಿನ ಅಂಗಳ ಇದೆ, ಅದಕ್ಕೆ ಯಾರ್ಡ್ ಅಂತಾರೆ. ಒಂದು ತುದಿಯಲ್ಲಿ ಫೌಂಡರ್ಸ್ ಲೈಬ್ರರಿಯ ಗಡಿಯಾರದ ಗೋಪುರ. ಶುಕ್ರವಾರ ಮಧ್ಯಾಹ್ನ ಎಲ್ಲರೂ ಅಲ್ಲಿಗೆ ಬರುತ್ತಾರೆ, ಜಾತ್ರೆಯ ಹಾಗೆ. ಒಬ್ಬರು ಸ್ಪೀಕರ್ ಹಚ್ಚಿದರೆ, ಇನ್ನೊಬ್ಬರು ತಾವೇ ಹೊಲಿದ ಬಟ್ಟೆ ಮಾರುತ್ತಾರೆ. ಎಲ್ಲೋ ಒಂದು ಕಡೆಯಿಂದ ಯಾರಾದರೂ “ಎಚ್-ಯು” ಅಂತ ಕೂಗಿದರೆ ಸುತ್ತ ಇದ್ದವರೆಲ್ಲಾ “ಯು ನೋ” ಅಂತ ಕೂಗುತ್ತಾರೆ. ಮೊದಲ ಸಲ ಬಾಯಿಂದ ತಾನಾಗೇ ಆ ಉತ್ತರ ಬಂದ ದಿನ ನನಗೆ ಇದು ನನ್ನ ಕಾಲೇಜು ಅನಿಸಿತು.

ಇನ್ನೊಂದು ಮಾತು ಇದೆ. ಇದನ್ನು ಎಲ್ಲೂ ಬರೆದಿರಲಿಲ್ಲ. ನಾನು ಕಪ್ಪಗಿದ್ದೇನೆ. ಚಿಕ್ಕವಳಿದ್ದಾಗಿನಿಂದ ಕಡಲೆಹಿಟ್ಟು, ಅರಿಶಿನ, ಕ್ರೀಮು ಎಲ್ಲಾ ಹಚ್ಚಿದ್ದಾರೆ. ಮದುವೆ ಮನೆಗಳಲ್ಲಿ “ಬಣ್ಣ ಒಂದು ಕಮ್ಮಿ, ಲಕ್ಷಣ ಇದೆ” ಅಂತ ನನ್ನ ಎದುರೇ ಹೇಳುತ್ತಿದ್ದರು. ಹೇಳಿದವರೆಲ್ಲಾ ನನ್ನನ್ನು ಪ್ರೀತಿಸುವವರೇ. ಹೋವರ್ಡಿಗೆ ಬಂದ ಮೊದಲ ತಿಂಗಳು ಟಬ್‌ಮನ್ ಕ್ವಾಡ್‌ ಹಾಸ್ಟೆಲಿನಲ್ಲಿ ಒಬ್ಬ ಹುಡುಗಿ ನನ್ನ ಮುಖ ನೋಡಿ “ನಿನ್ನ ಬಣ್ಣ ಎಷ್ಟು ಚಂದ ಇದೆ” ಅಂದಳು. ಸಮಾಧಾನ ಮಾಡಲು ಹೇಳಿದ್ದಲ್ಲ ಅದು. ಸೀರೆಯ ಬಣ್ಣ ನೋಡಿ ಹೇಳುತ್ತೇವಲ್ಲ, ಹಾಗೆ ಹೇಳಿದ್ದು. 18 ವರ್ಷದಲ್ಲಿ ಅದೇ ಮೊದಲು ಕೇಳಿದ್ದು. ರೂಮಿಗೆ ಬಂದು ಕನ್ನಡಿ ಮುಂದೆ ತುಂಬಾ ಹೊತ್ತು ನಿಂತಿದ್ದೆ.

ಜರ್ಮನ್‌ಟೌನ್ ಅಮ್ಮ · ಸೋಮವಾರ ಸಂಜೆ

ನಿಮ್ಮ ಮಾತನ್ನು ಎರಡು ಸಲ ಓದಿದೆ. ನನ್ನ ಮಗಳ ಬಣ್ಣವೂ ಅದೇ. ನಾನೂ ಅವಳಿಗೆ ಕಡಲೆಹಿಟ್ಟು ಹಚ್ಚಿದ್ದೇನೆ.

ಮೈಸೂರು ಮೂಲೆ · ಸೋಮವಾರ ರಾತ್ರಿ

ನಾನು ಅಮೆರಿಕ ನೋಡಿಲ್ಲ. ಮೈಸೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವನು, ಈಗ ನಿವೃತ್ತ. ಆದರೂ ಈ ಹೋವರ್ಡಿಗೂ ನಮ್ಮೂರಿಗೂ ಒಂದು ನಂಟಿದೆ, ಅದನ್ನು ಹೇಳದೆ ಇರಲಾರೆ.

1930ರ ದಶಕದಲ್ಲಿ ಬೆಂಜಮಿನ್ ಮೇಸ್ ಅನ್ನುವವರು ಹೋವರ್ಡಿನ ಧರ್ಮಶಾಸ್ತ್ರ ವಿಭಾಗದ ಡೀನ್. 1937ರ ಜನವರಿಯಲ್ಲಿ ವೈಎಂಸಿಎ ವಿಶ್ವ ಸಮ್ಮೇಳನಕ್ಕೆ ಮೈಸೂರಿಗೆ ಬಂದರು. ಅದೇ ಪ್ರವಾಸದಲ್ಲಿ ಗಾಂಧೀಜಿಯನ್ನೂ ಕಂಡು ಮಾತಾಡಿದ್ದರು. ಮೈಸೂರಿನ ಹತ್ತಿರ ಒಂದು ದಲಿತ ಮಕ್ಕಳ ಶಾಲೆಯ ಹೆಡ್‌ಮಾಸ್ಟರು ಅವರನ್ನು ಕರೆದುಕೊಂಡು ಹೋದರು. ಮಕ್ಕಳಿಗೆ ಪರಿಚಯ ಮಾಡಿಸುವಾಗ, ಇವರೂ ನಮ್ಮ ಹಾಗೆ ಅಸ್ಪೃಶ್ಯರೇ, ಆದರೂ ಇಷ್ಟು ಮೇಲೆ ಬಂದಿದ್ದಾರೆ ಅಂದರು. ಮೇಸ್ ಅವರಿಗೆ ಮೊದಲು ಸಿಟ್ಟು ಬಂತಂತೆ. ಒಂದು ಕ್ಷಣದ ನಂತರ ಹೌದಲ್ಲ, ನನ್ನ ದೇಶದಲ್ಲಿ ನಾನೂ ಅದೇ ಅಂತ ಹೊಳೆಯಿತಂತೆ. ಮುಂದೆ 1940ರಲ್ಲಿ ಅವರು ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾದರು. ಅಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ವಿದ್ಯಾರ್ಥಿ.

ಮೇಸ್ ಮೈಸೂರಿಗೆ ಬರುವ ಒಂದು ವರ್ಷ ಮೊದಲು, 1936ರಲ್ಲಿ, ಹೋವರ್ಡಿನ ಪ್ರಾರ್ಥನಾ ಮಂದಿರವಾದ ರ‍್ಯಾಂಕಿನ್ ಚಾಪೆಲ್‌ನ ಹೋವರ್ಡ್ ಥರ್ಮನ್ ಅವರು ಬಾರ್ಡೋಲಿಯಲ್ಲಿ ಗಾಂಧೀಜಿಯನ್ನು ಕಂಡಿದ್ದರು. ವಿಶ್ವವಿದ್ಯಾಲಯದ ಮೊದಲ ಕಪ್ಪು ಅಧ್ಯಕ್ಷ ಮೊರ್ಡೆಕೈ ಜಾನ್ಸನ್ ಕೂಡ ಭಾರತಕ್ಕೆ ಬಂದು ಹೋದರು. 1950ರಲ್ಲಿ ಫಿಲಡೆಲ್ಫಿಯಾದಲ್ಲಿ ಅವರು ಗಾಂಧಿ ಬಗ್ಗೆ ಮಾಡಿದ ಭಾಷಣ ಕೇಳಿದ ಮೇಲೇ ಕಿಂಗ್ ಗಾಂಧಿಯನ್ನು ಗಂಭೀರವಾಗಿ ಓದಲು ಹಿಡಿದದ್ದು.

ಇನ್ನು ಲೋಹಿಯಾ ಅವರನ್ನು ನಮ್ಮವರಿಗೆ ಹೇಳಿಕೊಡಬೇಕಿಲ್ಲ, ಕಾಗೋಡು ಸತ್ಯಾಗ್ರಹದಲ್ಲಿ ಸೆರೆಯಾದವರು. 1964ರಲ್ಲಿ ಅವರು ಮಿಸಿಸಿಪ್ಪಿಯ ಟೂಗಲೂ ಕಾಲೇಜಿಗೆ ಹೋಗಿದ್ದರು. ಅದೂ ಇದೇ ಬಗೆಯ ಖಾಸಗಿ ಕಾಲೇಜು. ಅಲ್ಲೇ ಹತ್ತಿರ ಜ್ಯಾಕ್ಸನ್ ಊರಿನಲ್ಲಿ ಬಿಳಿಯರಿಗೆ ಮಾತ್ರ ಅನ್ನುವ ಹೋಟೆಲಿಗೆ ಪಂಚೆ ಉಟ್ಟುಕೊಂಡು ಹೋಗಿ ನಿಂತರು. ಪೊಲೀಸರು ಹಿಡಿದುಕೊಂಡು ಹೋದರು.

ಅಮ್ಮಾ, ನಿಮ್ಮ ಅಳುಕಿನ ಬಗ್ಗೆ ಒಂದು ಮಾತು ಹೇಳಲಾ? ಅದು ಕಾಲೇಜಿನದ್ದಲ್ಲ ಅಂತ ನನಗೆ ಅನಿಸುತ್ತದೆ. ಊರಲ್ಲಿ ಕೇರಿ ಅಂತ ಒಂದು ಇರುತ್ತಿತ್ತಲ್ಲ. ಅತ್ತ ಹೋಗಬೇಡ ಅಂತ ನಮ್ಮ ತಾಯಂದಿರು ಹೇಳುತ್ತಿದ್ದರು. ಕಾರಣ ಕೇಳಿದರೆ ಸುಮ್ನೆ ಇರು ಅನ್ನುತ್ತಿದ್ದರು. ನಾನು ಆ ಕೇರಿಯಲ್ಲಿ ಹುಟ್ಟಿದವನು. ಅದಕ್ಕೇ ಈ ಅಳುಕಿನ ವಾಸನೆ ನನಗೆ ಬೇಗ ಗೊತ್ತಾಗುತ್ತದೆ. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ. ನೀವೇ ಕೇಳಿದ್ದಕ್ಕೆ ಹೇಳಿದೆ.

ಲೆಕ್ಕ ಬಲ್ಲವ · ಮಂಗಳವಾರ ಬೆಳಿಗ್ಗೆ

ಮೇಷ್ಟ್ರ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಈಗ ದುಡ್ಡಿನ ವಿಷಯಕ್ಕೆ ಬರುತ್ತೇನೆ, ಅದೂ ಬೇಕಲ್ವಾ.

ಹೋವರ್ಡ್ ಖಾಸಗಿ. ಅಂದರೆ ಮೇರಿಲ್ಯಾಂಡಿನವರಿಗೆ ಒಂದು, ಬೇರೆಯವರಿಗೆ ಒಂದು ಅಂತ ಎರಡು ಶುಲ್ಕ ಇಲ್ಲ. ಟ್ಯೂಷನ್ ಒಂದೇ ವರ್ಷಕ್ಕೆ 35 ಸಾವಿರ ಡಾಲರ್ ದಾಟುತ್ತದೆ. ಹಾಸ್ಟೆಲು, ಊಟ ಬೇರೆ. ಸಂಸತ್ತು ಪ್ರತಿ ವರ್ಷ ಹೋವರ್ಡಿಗೆ ಹಣ ಕೊಡುತ್ತದೆ ನಿಜ, ಆದರೆ ಅದು ನೇರವಾಗಿ ನಿಮ್ಮ ಬಿಲ್ಲಿಗೆ ಬರುವುದಿಲ್ಲ. ಎಚ್-4 ಮಕ್ಕಳಿಗೆ ಫಾಫ್ಸಾ ಅನ್ನುವ ಅರ್ಜಿಯ ಮೂಲಕ ಬರುವ ಸರ್ಕಾರದ ನೆರವೂ ಇಲ್ಲ, ಸರ್ಕಾರದ ಸಾಲವೂ ಇಲ್ಲ. ಉಳಿಯುವುದು ವಿಶ್ವವಿದ್ಯಾಲಯ ತಾನೇ ಕೊಡುವ ಮೆರಿಟ್ ಸ್ಕಾಲರ್‌ಶಿಪ್. ಅದಕ್ಕಾಗಿಯೇ ಬೇಗ ಅರ್ಜಿ ಹಾಕಿ. ಅರ್ಲಿ ಆಕ್ಷನ್, ಅಂದರೆ ಮಾತು ಕೊಡದೆ ಬೇಗ ಹಾಕುವ ಅರ್ಜಿ, ನವೆಂಬರ್ 1, ರೆಗ್ಯುಲರ್ ಫೆಬ್ರವರಿ 15. ಅವರ ಪುಟದಲ್ಲಿ ಈ ವರ್ಷದ ದಿನಾಂಕ ಒಮ್ಮೆ ನೋಡಿಕೊಳ್ಳಿ. ಅರ್ಲಿ ಡಿಸಿಷನ್ ಅನ್ನುವುದನ್ನು ಮಾತ್ರ ಹುಷಾರಾಗಿ ಮುಟ್ಟಿ. ಅದರಲ್ಲಿ ಸೀಟು ಸಿಕ್ಕರೆ ಬರುತ್ತೇನೆ ಅಂತ ಮಾತು ಕೊಟ್ಟ ಹಾಗೆ. ಬೇರೆ ಕಡೆ ಎಷ್ಟು ಕೊಡುತ್ತಾರೆ ಅಂತ ಹೋಲಿಸಿ ನೋಡಲು ಆಗುವುದಿಲ್ಲ.

ಎಚ್-4 ಬಗ್ಗೆ ಇನ್ನೂ ಒಂದು. ಆ ವೀಸಾದಲ್ಲಿ ಮಕ್ಕಳು ದುಡಿಯುವಂತಿಲ್ಲ. ಕ್ಯಾಂಪಸ್ ಕೆಲಸವೂ ಇಲ್ಲ, ಸಂಬಳದ ಇಂಟರ್ನ್‌ಶಿಪ್ಪೂ ಇಲ್ಲ. ಪತ್ರಿಕೋದ್ಯಮದಲ್ಲಿ ಇಂಟರ್ನ್‌ಶಿಪ್ ಇಲ್ಲದಿದ್ದರೆ ಮುಂದೆ ಕಷ್ಟ. 21 ತುಂಬಿದ ಮೇಲೆ ಎಚ್-4 ಹೇಗೂ ಹೋಗುತ್ತದೆ. ಅದಕ್ಕೇ ಮೊದಲೆರಡು ವರ್ಷದಲ್ಲೇ ಎಫ್-1ಗೆ ಬದಲಾಯಿಸುವ ಬಗ್ಗೆ ಒಬ್ಬ ವಕೀಲರನ್ನು ಕೇಳಿ. ಕಾಲೇಜಿನಿಂದ ಐ-20 ಅನ್ನುವ ಪ್ರವೇಶದ ದಾಖಲೆ ತಗೊಂಡು, ವೀಸಾ ಬದಲಾವಣೆಗೆ ಐ-539 ಅನ್ನುವ ಅರ್ಜಿ ಹಾಕುವುದು. ಎಫ್-1 ಆದರೆ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಕೆಲಸ ಮಾಡಬಹುದು. ನನ್ನ ಮಗನ ವಿಷಯದಲ್ಲಿ ಒಂದು ಕಾಲೇಜಿನವರು ಇದನ್ನು ತಡವಾಗಿ ಹೇಳಿದರು. ಒಂದು ಬೇಸಿಗೆಯ ಇಂಟರ್ನ್‌ಶಿಪ್ ಕೈತಪ್ಪಿತು. ಆ ನೋವು ನಿಮಗೆ ಬೇಡ.

ಸ್ಪಷ್ಟ ಮಾತು ಅವರು ಹೇಳಿದ ಖರ್ಚಿನ ಮಾತು ಸರಿ ಇದೆ. ಹಾಗಾಗಿ ಜೊತೆಗೆ ಮಾರ್ಗನ್ ಸ್ಟೇಟ್‌ಗೂ ಹಾಕಿ. ಬಾಲ್ಟಿಮೋರಿನಲ್ಲಿದೆ, ಅದೂ ಎಚ್‌ಬಿಸಿಯು, ಆದರೆ ಸರ್ಕಾರಿ. ಪತ್ರಿಕೋದ್ಯಮಕ್ಕೆ ಅಲ್ಲಿ ಬೇರೆ ಶಾಲೆಯೇ ಇದೆ. ಮೇರಿಲ್ಯಾಂಡ್ ನಿವಾಸಿ ಶುಲ್ಕ ಸಿಕ್ಕಿದರೆ ಹೋವರ್ಡಿನ ಸುಮಾರು ಕಾಲು ಭಾಗ.

ಭದ್ರಾ ದಡ · ಮಂಗಳವಾರ ಮಧ್ಯಾಹ್ನ

ಹೆಸರಿಗೆ ಬೆಲೆ ಇದೆಯಾ ಅಂತ ಕೇಳಿದ್ದರು. ವಕೀಲ ಥರ್ಗುಡ್ ಮಾರ್ಷಲ್ 1933ರಲ್ಲಿ ಹೋವರ್ಡ್ ಲಾ ಸ್ಕೂಲಿನಿಂದ ಹೊರಬಂದವರು. ಅವರ ಸ್ವಂತ ರಾಜ್ಯ ಮೇರಿಲ್ಯಾಂಡಿನ ಲಾ ಸ್ಕೂಲು ಆಗ ಕಪ್ಪು ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಶಾಲೆಗಳಲ್ಲಿ ಬಣ್ಣದ ಮೇಲೆ ಬೇರ್ಪಡಿಸುವುದನ್ನು ನಿಲ್ಲಿಸಿದ 1954ರ ತೀರ್ಪು ಬಂದದ್ದು ಅವರ ವಾದದಿಂದ. ಕಾದಂಬರಿಕಾರ್ತಿ ಟೋನಿ ಮಾರಿಸನ್ 1953ರಲ್ಲಿ ಅಲ್ಲಿ ಡಿಗ್ರಿ ಮುಗಿಸಿದರು. ಕಮಲಾ ಹ್ಯಾರಿಸ್ ಅವರ ತಾಯಿ ಶ್ಯಾಮಲಾ ಗೋಪಾಲನ್ ಮದ್ರಾಸಿನ ಮನೆಯವರು. ಮಗಳು ಹೋವರ್ಡಿನಲ್ಲಿ ಓದಿ 1986ರಲ್ಲಿ ಪದವಿ ಪಡೆದರು. ಅವರು ಮೊದಲು ಗೆದ್ದ ಚುನಾವಣೆ ಅಲ್ಲಿನ ವಿದ್ಯಾರ್ಥಿ ಮಂಡಳಿಯದು. 2024ರ ನವೆಂಬರಿನಲ್ಲಿ ಅಧ್ಯಕ್ಷ ಚುನಾವಣೆಯ ಸೋಲನ್ನು ಒಪ್ಪಿ ಮಾತಾಡಲು ನಿಂತದ್ದೂ ಅದೇ ಯಾರ್ಡಿನಲ್ಲಿ.

ಇನ್ನೊಂದು ಚಿಕ್ಕ ಕಥೆ. ಯು ಸ್ಟ್ರೀಟಿನಲ್ಲಿ ಬೆನ್ಸ್ ಚಿಲಿ ಬೋಲ್ ಅಂತ ಹೋಟೆಲಿದೆ, 1958ರಿಂದ. ಹೋವರ್ಡಿನವರಿಗೆಲ್ಲಾ ಅದು ಮನೆ ಇದ್ದ ಹಾಗೆ. ಅದನ್ನು ಶುರು ಮಾಡಿದ ಬೆನ್ ಅಲಿ ಟ್ರಿನಿಡಾಡಿನಲ್ಲಿ ಹುಟ್ಟಿದ ಭಾರತೀಯ ಮೂಲದವರು. ಹೋವರ್ಡಿಗೆ ದಂತವೈದ್ಯ ಓದಲು ಬಂದವರು. ಹಾಗಾಗಿ ನಮ್ಮ ಮುಖದವರು ಆ ಬೀದಿಗೆ ಹೊಸಬರಲ್ಲ.

ಹಿಲ್‌ಟಾಪ್ ಕನ್ನಡತಿ · ಮಂಗಳವಾರ ರಾತ್ರಿ

ಪ್ರಬಂಧದ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ 650 ಪದದ ಮಿತಿ. “ನಾನು ಕಪ್ಪು ಜನರಿಗೆ ಸಹಾಯ ಮಾಡಲು ಬರುತ್ತಿದ್ದೇನೆ” ಅನ್ನುವ ಧಾಟಿ ಖಂಡಿತ ಬೇಡ. ಅಲ್ಲಿ ಯಾರೂ ಆ ಸಹಾಯ ಕೇಳಿಲ್ಲ. ಕಲಿಯಲು ಬರುತ್ತಿದ್ದೇನೆ ಅನ್ನುವುದಾದರೆ ಏನನ್ನು, ಯಾಕೆ ಇಲ್ಲೇ, ಅದನ್ನು ಬರೆಯಲಿ. ದಿ ಹಿಲ್‌ಟಾಪ್ ಅಂತ ವಿದ್ಯಾರ್ಥಿಗಳ ಪತ್ರಿಕೆ ಇದೆ. 1924ರಲ್ಲಿ ಅದನ್ನು ಶುರು ಮಾಡಿದವರಲ್ಲಿ ಲೇಖಕಿ ಜೋರಾ ನೀಲ್ ಹರ್ಸ್ಟನ್ ಒಬ್ಬರು. ಹಳೇ ಸಂಚಿಕೆಗಳನ್ನು ಓದಲಿ. ಪರೀಕ್ಷೆಯ ಅಂಕ ಕಡ್ಡಾಯ ಅಲ್ಲ, ಚೆನ್ನಾಗಿ ಬಂದಿದ್ದರೆ ಕಳಿಸಲಿ.

ಬಂದ ಮೇಲೆ ಕೆಲವು ನಡವಳಿಕೆ ಗೊತ್ತಿರಬೇಕು. ಹೋವರ್ಡ್ ಅನೇಕ ಸೊರೊರಿಟಿ, ಫ್ರಾಟರ್ನಿಟಿಗಳ, ಅಂದರೆ ಹುಡುಗಿಯರ, ಹುಡುಗರ ವಿದ್ಯಾರ್ಥಿ ಸಂಘಗಳ, ಹುಟ್ಟೂರು. ಕಪ್ಪು ಸಮುದಾಯದ ಒಂಬತ್ತು ದೊಡ್ಡ ಸಂಘಗಳಲ್ಲಿ ಐದು ಶುರುವಾದದ್ದು ಇಲ್ಲೇ. ಆಲ್ಫಾ ಕಪ್ಪಾ ಆಲ್ಫಾ 1908ರದ್ದು. ಡೆಲ್ಟಾ ಸಿಗ್ಮಾ ಥೀಟಾ 1913ರದ್ದು, ಅದೇ ವರ್ಷ ಮಾರ್ಚಿನಲ್ಲಿ ಅವರು ಹೆಂಗಸರ ಮತದಾನದ ಹಕ್ಕಿಗಾಗಿ ವಾಷಿಂಗ್ಟನ್ನಿನ ಮೆರವಣಿಗೆಯಲ್ಲಿ ನಡೆದರು. ಯಾರ್ಡಿನಲ್ಲಿ ಒಂದೊಂದು ಸಂಘಕ್ಕೂ ತನ್ನ ಮರ, ತನ್ನ ಜಾಗ ಇದೆ. ಬೇರೆಯವರು ಅದನ್ನು ತುಳಿಯಲ್ಲ, ದೇವರ ಕಟ್ಟೆ ಇದ್ದ ಹಾಗೆ. ನನಗೆ ಮೊದಲ ವಾರವೇ ಒಬ್ಬ ಅಕ್ಕ ಪ್ರೀತಿಯಿಂದ ಹೇಳಿಕೊಟ್ಟಳು. ಯಾರ ಕೂದಲನ್ನೂ ಮುಟ್ಟಬಾರದು, ಮುಟ್ಟಲಾ ಅಂತಲೂ ಕೇಳಬಾರದು. ಹಾಡಿನಲ್ಲಿ ಬರುವ, ಕಪ್ಪು ಜನರನ್ನು ಹೀಯಾಳಿಸುವ ಆ ಒಂದು ಪದ ನಮ್ಮ ಬಾಯಲ್ಲಿ ಬರಬಾರದು, ಹಾಡುವಾಗಲೂ.

ಕಷ್ಟವನ್ನೂ ಮುಚ್ಚಿಡಲ್ಲ. 2021ರ ಅಕ್ಟೋಬರಿನಲ್ಲಿ ಹಾಸ್ಟೆಲುಗಳ ಬೂಸ್ಟು, ದುರಸ್ತಿ ಬಗ್ಗೆ ವಿದ್ಯಾರ್ಥಿಗಳು ಬ್ಲ್ಯಾಕ್‌ಬರ್ನ್ ಸೆಂಟರಿನಲ್ಲಿ ಒಂದು ತಿಂಗಳಿಗೂ ಜಾಸ್ತಿ ಧರಣಿ ಕೂತರು. ಹೊರಗೆ ಟೆಂಟ್ ಹಾಕಿ ಮಲಗಿದರು. ನಾನು ಬರುವ ಮೊದಲು ಇದನ್ನೆಲ್ಲಾ ಓದಿ ಹೆದರಿದ್ದೆ. ಈಗ ಅನಿಸುವುದು ಬೇರೆ. ತಮ್ಮ ಕಾಲೇಜನ್ನು ಅಷ್ಟು ಪ್ರೀತಿಸುವವರೇ ಅದರ ಜೊತೆ ಅಷ್ಟು ಜಗಳ ಆಡುತ್ತಾರೆ. ಪತ್ರಿಕೋದ್ಯಮ ಓದುವ ಹುಡುಗಿಗೆ ಇದಕ್ಕಿಂತ ಒಳ್ಳೇ ಪಾಠಶಾಲೆ ಎಲ್ಲಿದೆ?

ಸ್ಪಷ್ಟ ಮಾತು · ಬುಧವಾರ ಬೆಳಿಗ್ಗೆ

ನಾನು ಕೇಳಿದ್ದಕ್ಕೆಲ್ಲಾ ಉತ್ತರ ಕೊಟ್ಟಿದ್ದೀರಿ. ಖರ್ಚಿನ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಸಾಲ ಮಾಡಿ ಹೋಗುವುದು ಬೇಡ ಅಂತಲೇ ಹೇಳುತ್ತೇನೆ. ಆದರೆ “ಅಲ್ಲಿಗೇ ಯಾಕೆ” ಅಂತ ನಾನು ಬರೆದದ್ದನ್ನು ಮತ್ತೆ ಓದಿದೆ. ಬೋಸ್ಟನ್ನಿನ ಯಾವುದೋ ದುಬಾರಿ ಖಾಸಗಿ ಕಾಲೇಜಿಗೆ ಅಂದಿದ್ದರೆ ನಾನು ಆ ಪ್ರಶ್ನೆ ಕೇಳುತ್ತಿರಲಿಲ್ಲ. ಮೇಷ್ಟ್ರೇ, ನಿಮ್ಮ ಮಾತು ನನಗೂ ತಾಗಿತು.

ಜರ್ಮನ್‌ಟೌನ್ ಅಮ್ಮ · ಮೂರು ವಾರದ ನಂತರ

ಎಲ್ಲರಿಗೂ ಋಣಿ. ಹೋಗಿ ನೋಡಿಕೊಂಡು ಬಂದೆವು. ಗುಂಪಿನಲ್ಲಿ ಕರೆದುಕೊಂಡು ಹೋಗಿ ತೋರಿಸಿದ ಹುಡುಗ ನಮ್ಮ ಜೊತೆ ಕೊನೆವರೆಗೂ ಮಾತಾಡಿದ. ಫೌಂಡರ್ಸ್ ಲೈಬ್ರರಿ ಮೆಟ್ಟಿಲ ಮೇಲೆ ಇವಳು ಸುಮಾರು ಹೊತ್ತು ಕೂತಳು. ನನ್ನ ಗಂಡ ಮಾತು ಕಡಿಮೆ. ವಾಪಸ್ ಬರುವಾಗ ಕಾರಿನಲ್ಲಿ “ಇಲ್ಲಿ ಅವಳನ್ನು ಯಾರೂ ಬಗ್ಗಿ ನೋಡಲಿಲ್ಲ” ಅಂದರು. ಅವರಿಗೆ ಇಲ್ಲಿನ ಬೇರೆ ಕಡೆಗಳಲ್ಲಿ ಆದದ್ದು ನೆನಪಿಗೆ ಬಂದಿರಬೇಕು.

ಅರ್ಲಿ ಆಕ್ಷನ್‌ನಲ್ಲಿ ಅರ್ಜಿ ಹಾಕಿದ್ದಾಳೆ. ಮಾರ್ಗನ್ ಸ್ಟೇಟ್, ಕಾಲೇಜ್ ಪಾರ್ಕ್ ಎರಡಕ್ಕೂ ಹಾಕಿದ್ದೇವೆ. ಸ್ಕಾಲರ್‌ಶಿಪ್ ಎಷ್ಟು ಬರುತ್ತದೋ ನೋಡಿ ತೀರ್ಮಾನ ಮಾಡುತ್ತೇವೆ, ಅದನ್ನು ಅವಳೂ ಒಪ್ಪಿದ್ದಾಳೆ. ಪ್ರಬಂಧದಲ್ಲಿ ಅವಳು ಕಡಲೆಹಿಟ್ಟಿನ ಬಗ್ಗೆ ಬರೆದಿದ್ದಾಳೆ. ಓದಲು ಕೊಟ್ಟಳು. ನನ್ನ ಬಗ್ಗೆ ಕೋಪ ಇರಲಿಲ್ಲ ಅದರಲ್ಲಿ.

ನಿನ್ನೆ ಊರಿನಿಂದ ಅಕ್ಕ ಫೋನ್ ಮಾಡಿದ್ದಳು. “ಕರಿಯರ ಕಾಲೇಜಂತೆ?” ಅಂದಳು. ಮೊದಲಾಗಿದ್ದರೆ ದನಿ ತಗ್ಗಿಸಿ ಏನೋ ಹೇಳಿ ಮಾತು ಬದಲಿಸುತ್ತಿದ್ದೆ. ಹೋವರ್ಡ್ ಅಂತ ಅದರ ಹೆಸರು, ನಾವು ನೋಡಿ ಬಂದೆವು, ತುಂಬಾ ಚೆನ್ನಾಗಿದೆ ಅಂದೆ. ಮಗಳು ಪಕ್ಕದಲ್ಲೇ ಕೂತಿದ್ದಳು.

ಲೆಕ್ಕ ಬಲ್ಲವ · ಅದೇ ರಾತ್ರಿ

ತುಂಬಾ ಸಂತೋಷ ಆಯಿತು. ಸ್ಕೂಲ್ ಕೌನ್ಸೆಲರ್ ಟ್ರಾನ್ಸ್‌ಕ್ರಿಪ್ಟ್ ಕಳಿಸಿದ್ದಾರಾ ಅಂತ ಪೋರ್ಟಲ್‌ನಲ್ಲಿ ಒಮ್ಮೆ ನೋಡಿಬಿಡಿ. ಡಿಸೆಂಬರ್ ರಜೆ ಶುರುವಾದರೆ ಕೇಳಲು ಯಾರೂ ಸಿಗಲ್ಲ.

ಜರ್ಮನ್‌ಟೌನ್ ಅಮ್ಮ · ಅದೇ ರಾತ್ರಿ

ಈಗಲೇ ನೋಡಿದೆವು. ಇನ್ನೂ ಹೋಗಿಲ್ಲ. ನಾಳೆ ಬೆಳಿಗ್ಗೆಯೇ ಕೇಳುತ್ತಾಳೆ.